ಕತ್ತಲಿಗೆ ಎಷ್ಟು ಬೆಳಕು? ಹೊಸ ಕ್ಯಾಮೆರಾ, ಹೊರ ಫ್ಲ್ಯಾಶ್ ಮತ್ತು ನಮ್ಮ ಬೆಟ್ಟಗಳು

(ಹೊಳವನಹಳ್ಳಿಯಲ್ಲಿ ಯುವಜನರಿಗಾಗಿ ನಡೆದ ಪ್ರಕೃತಿ ದಾಖಲಾತಿ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಸೀಮೆಯ ಬೆಟ್ಟಗಳ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕೇಳಿಬರುತ್ತದೆ: "ಅಲ್ಲೇನಿದೆ, ಬರೀ ಕಲ್ಲು." ಕಲ್ಲುಗಣಿಗೆ ಅನುಮತಿ ಕೇಳುವವರು ಈ ಮಾತನ್ನು ಹೇಳುತ್ತಾರೆ; ಬೇಸರದ ಸಂಗತಿಯೆಂದರೆ ನಮ್ಮವರೂ ಹೇಳುತ್ತಾರೆ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮತ್ತು ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯನ್ನು "ಬರೀ ಮರಳು" ಎಂದು ಕರೆದು ಬರಿದು ಮಾಡಿದಂತೆಯೇ ಇದು. ಆ ಕಲ್ಲಿನ ಸಂದಿಗಳಲ್ಲಿ ಕರಡಿಗಳಿವೆ. ಬಂಡೆಗಳ ನಡುವಿನ ಕುರುಚಲು ಕಾಡನ್ನೇ ನಂಬಿದ, ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇರದ ಹಳದಿ ಕೊರಳಿನ ಪಿಕಳಾರವಿದೆ. ನಮ್ಮ ಜಿಲ್ಲೆಯ ತೋಪುಗಳಲ್ಲಿ, ಬೇಲಿಸಾಲುಗಳಲ್ಲಿ ಕಾಡುಪಾಪವಿದೆ.

ಇವೆಲ್ಲ ಇವೆ ಎಂದು ಬಾಯಲ್ಲಿ ಹೇಳಿದರೆ ಕಚೇರಿಗಳು ನಂಬುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಸಮಿತಿಯೊಂದನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವ ಅವಕಾಶವನ್ನು ಕಲ್ಪಿಸಿದೆ. ಆ ದಾಖಲೆಯಲ್ಲಿ ಹೆಸರಿನ ಪಕ್ಕದಲ್ಲಿ ಸ್ಪಷ್ಟವಾದ ಚಿತ್ರವೊಂದಿದ್ದರೆ ಅದರ ತೂಕವೇ ಬೇರೆ. ನೀವು ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾ ಈ ಕೆಲಸಕ್ಕೆ ಸಾಕು. ಆದರೆ ನಮ್ಮ ನೆರೆಹೊರೆಯ ಜೀವಿಗಳಲ್ಲಿ ಬಹುಪಾಲು ಹೊರಬರುವುದು ಕತ್ತಲಾದ ಮೇಲೆ. ಆದ್ದರಿಂದ ಇಂದಿನ ಮಾತು ಫ್ಲ್ಯಾಶ್ ಕುರಿತು.

ಕ್ಯಾಮೆರಾದಲ್ಲಿಯೇ ಇರುವ ಪುಟ್ಟ ಫ್ಲ್ಯಾಶ್ ಮಸೂರಕ್ಕೆ ತೀರ ಹತ್ತಿರದಲ್ಲಿದೆ. ಬೆಳಕು ನೇರವಾಗಿ ಹೋಗಿ ನೇರವಾಗಿ ಮರಳುತ್ತದೆ. ಅದರಿಂದ ಮೂರು ತೊಂದರೆಗಳು. ಚಿತ್ರ ಚಪ್ಪಟೆಯಾಗುತ್ತದೆ, ಕಪ್ಪೆಯ ಒದ್ದೆ ಚರ್ಮದ ಮೇಲೆ ಬಿಳಿಯ ಚುಕ್ಕೆಗಳು ಕೂತು ಗುರುತಿಗೆ ಬೇಕಾದ ಗೀರು, ಗಂಟುಗಳೇ ಮುಚ್ಚಿಹೋಗುತ್ತವೆ, ಇರುಳು ಪ್ರಾಣಿಗಳ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಹೊರ ಫ್ಲ್ಯಾಶಿನ ಹೆಚ್ಚುಗಾರಿಕೆ ಅದರ ಶಕ್ತಿಗಿಂತಲೂ, ಅದನ್ನು ತಿರುಗಿಸಬಹುದು ಮತ್ತು ಕ್ಯಾಮೆರಾದಿಂದ ದೂರ ಹಿಡಿಯಬಹುದು ಎಂಬುದರಲ್ಲಿದೆ.

ಕೊಳ್ಳುವ ಮುನ್ನ ಎರಡು ಎಚ್ಚರಿಕೆ. ಮದುವೆ ಚಿತ್ರ ತೆಗೆಯುತ್ತಿದ್ದ ಹಳೆಯ ಸ್ಟುಡಿಯೋಗಳಲ್ಲಿ ಫಿಲಂ ಕಾಲದ ಫ್ಲ್ಯಾಶ್‌ಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಕೆಲವು ಸಂಪರ್ಕಬಿಂದುವಿನ ಮೂಲಕ ನೂರಾರು ವೋಲ್ಟ್ ಹರಿಸಿ ಡಿಜಿಟಲ್ ಕ್ಯಾಮೆರಾವನ್ನು ಸುಟ್ಟುಹಾಕಬಲ್ಲವು. ಎರಡನೆಯದು, ಇತ್ತೀಚಿನ ಕೆಲವು ಆರಂಭಿಕ ಕ್ಯಾಮೆರಾಗಳ ಹಾಟ್ ಶೂನಲ್ಲಿ ಮಧ್ಯದ ಸಂಪರ್ಕಬಿಂದುವೇ ಇರುವುದಿಲ್ಲ. ಅವುಗಳ ಮೇಲೆ ಎಲ್ಲ ಫ್ಲ್ಯಾಶ್‌ಗಳೂ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿಯೇ ನಿಮ್ಮ ಕ್ಯಾಮೆರಾಕ್ಕೆ ಜೋಡಿಸಿ ನೋಡಿ ಕೊಳ್ಳಿರಿ.

ಈಗ ಬೆಳಕಿನ ಲೆಕ್ಕ. ಫ್ಲ್ಯಾಶ್ ಬೆಳಗುವ ಅವಧಿ ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕಿಂತಲೂ ಕಡಿಮೆ. ಹೀಗಾಗಿ ಷಟರ್ ವೇಗವನ್ನು ಬದಲಿಸಿದರೆ ಫ್ಲ್ಯಾಶಿನ ಬೆಳಕು ಬದಲಾಗದು; ಸುತ್ತಲಿನ ಬೆಳಕು ಮಾತ್ರ ಬದಲಾಗುತ್ತದೆ. ಫ್ಲ್ಯಾಶಿನ ಬೆಳಕನ್ನು ನಿರ್ಧರಿಸುವವು ಅಪರ್ಚರ್, ಐಎಸ್ಒ, ಫ್ಲ್ಯಾಶಿನ ಶಕ್ತಿ ಮತ್ತು ದೂರ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶಿನ ಗೈಡ್ ನಂಬರ್ 36 ಎಂದಿದ್ದರೆ, ಐಎಸ್ಒ 100ರಲ್ಲಿ ಎಫ್ 8 ಇಟ್ಟಾಗ ಅದರ ಪೂರ್ಣ ಬೆಳಕು ತಲುಪುವುದು 36 ಭಾಗಿಸು 8, ಅಂದರೆ ನಾಲ್ಕೂವರೆ ಮೀಟರ್ ಮಾತ್ರ. ಬಯಲಿನಾಚೆ ನಿಂತ ಕೃಷ್ಣಮೃಗಕ್ಕೆ ಫ್ಲ್ಯಾಶ್ ಹೊಡೆಯುವುದು ಎಷ್ಟು ವ್ಯರ್ಥವೆಂದು ಇದರಿಂದಲೇ ತಿಳಿಯುತ್ತದೆ.

ಕಲಿಯುವವರು ಕ್ಯಾಮೆರಾವನ್ನು ಎಂ ವಿಧಾನಕ್ಕೆ ತಿರುಗಿಸಿ, ಷಟರ್ 1/200, ಎಫ್ 8, ಐಎಸ್ಒ 400 ಇಟ್ಟು, ಫ್ಲ್ಯಾಶಿನ ಶಕ್ತಿಯನ್ನು 1/16ಕ್ಕೆ ಇಳಿಸಿ ಆರಂಭಿಸಬಹುದು. ಅನೇಕ ಆರಂಭಿಕ ಕ್ಯಾಮೆರಾಗಳಲ್ಲಿ 1/200ಕ್ಕಿಂತ ವೇಗ ಹೆಚ್ಚಿಸಿದರೆ ಚಿತ್ರದ ಒಂದು ಅಂಚು ಕಪ್ಪಾಗುತ್ತದೆ. ಮೊದಲ ಅಭ್ಯಾಸ ಜೀವಿಗಳ ಮೇಲೆ ಬೇಡ. ಮನೆಯಲ್ಲಿ ಒಂದು ಬದನೆಕಾಯಿಯನ್ನು ಇಟ್ಟು ತೆಗೆಯಿರಿ. ಅದರ ಹೊಳಪು ಚರ್ಮ ಕಪ್ಪೆಯ ಚರ್ಮದಷ್ಟೇ ಕಷ್ಟ ಕೊಡುತ್ತದೆ. ಫ್ಲ್ಯಾಶಿನ ಮುಂದೆ ಬಿಳಿಯ ತೆಳು ಪಂಚೆಯ ಬಟ್ಟೆಯನ್ನೋ ಬೆಣ್ಣೆ ಕಾಗದವನ್ನೋ ಕಟ್ಟಿ, ತಂತಿ ಅಥವಾ ರೇಡಿಯೋ ಟ್ರಿಗರ್ ಸಹಾಯದಿಂದ ಅದನ್ನು ಎಡಗೈಯಲ್ಲಿ ಎತ್ತಿ, ಮೇಲಿನಿಂದ ಓರೆಯಾಗಿ ಬೆಳಕು ಬೀಳುವಂತೆ ಹಿಡಿಯಿರಿ. ಚುಕ್ಕೆ ಕರಗಿ, ಕಾಯಿಯ ದುಂಡುತನ ಕಾಣಿಸಿಕೊಳ್ಳುತ್ತದೆ. ಒಳಾಂಗಣದಲ್ಲಾದರೆ ಸುಣ್ಣ ಹೊಡೆದ ಗೋಡೆಗೆ ಫ್ಲ್ಯಾಶನ್ನು ತಿರುಗಿಸಿದರೂ ಸಾಕು; ಹೆಂಚಿನ ಸೂರಿಗೆ ತಿರುಗಿಸಿದರೆ ಮಾತ್ರ ಚಿತ್ರವೆಲ್ಲ ಕೆಂಪೇರುತ್ತದೆ.

ಇನ್ನೊಂದು ಮಾತು. 1/200ರಲ್ಲಿ ತೆಗೆದ ರಾತ್ರಿಯ ಚಿತ್ರದಲ್ಲಿ ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ. ನೋಡಲು ಚೆಂದ, ಆದರೆ ಆ ಕಪ್ಪೆ ಬಂಡೆಯ ಮೇಲಿತ್ತೋ ಬಚ್ಚಲ ಮೋರಿಯಲ್ಲಿತ್ತೋ ಯಾರೂ ಹೇಳಲಾರರು. ನಮ್ಮ ವಾದ ಬೆಟ್ಟಕ್ಕಾಗಿ ಅಲ್ಲವೇ? ಮುಸ್ಸಂಜೆಯ ಬೆಳಕು ಇನ್ನೂ ಉಳಿದಿರುವಾಗ ಐಎಸ್ಒ 800ಕ್ಕೆ ಏರಿಸಿ, ಷಟರನ್ನು 1/30ಕ್ಕೆ ಇಳಿಸಿ, ಫ್ಲ್ಯಾಶಿನ ಶಕ್ತಿಯನ್ನು ಇನ್ನೊಂದು ಹಂತ ತಗ್ಗಿಸಿ. ಆಗ ಜೀವಿಯ ಹಿಂದೆ ಅದರ ಬಂಡೆ, ಬಾನು ಎರಡೂ ಉಳಿಯುತ್ತವೆ. ಅಂಥ ಚಿತ್ರವೇ ದಾಖಲೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಇದು ಯಂತ್ರದ ಪಾಠವಾಗುತ್ತಿತ್ತು. ಆದರೆ ನನ್ನದೊಂದು ತಪ್ಪನ್ನು ನಿಮ್ಮ ಮುಂದಿಡಬೇಕಾಗಿದೆ. ಮೊದಲ ಫ್ಲ್ಯಾಶ್ ಕೊಂಡ ವರ್ಷ, ಬೆಟ್ಟದ ಬುಡದಲ್ಲಿ ನೆಲಕ್ಕಂಟಿ ಕೂತ ನತ್ತಿಂಗ ಹಕ್ಕಿಯೊಂದು ಕಂಡಿತು. ಒಂದು ಚಿತ್ರ ಸಾಕಿತ್ತು. ನಾನು ಹತ್ತಾರು ಬಾರಿ ಬೆಳಕು ಹೊಡೆದೆ. ಕೊನೆಗೆ ಅದು ದಿಕ್ಕುಗೆಟ್ಟಂತೆ ಎದ್ದು ಕತ್ತಲಲ್ಲಿ ಮರೆಯಾಯಿತು. ಅದು ಕೂತಿದ್ದ ತರಗೆಲೆಯ ಮೇಲೆ ಎರಡು ಮೊಟ್ಟೆಗಳಿದ್ದವು. ಮರುದಿನ ಬೆಳಗ್ಗೆ ಹೋಗಿ ನೋಡಿದಾಗ ಮೊಟ್ಟೆಗಳಿರಲಿಲ್ಲ. ಯಾವ ಪ್ರಾಣಿ ತಿಂದಿತೋ ತಿಳಿಯದು. ಆದರೆ ತಾಯಿಯನ್ನು ಎಬ್ಬಿಸಿದವನು ಯಾರೆಂಬುದು ನನಗೆ ತಿಳಿದಿತ್ತು. ಆ ಚಿತ್ರಗಳು ಬಹಳ ಚೆನ್ನಾಗಿ ಬಂದಿದ್ದವು. ಅವನ್ನು ಎಲ್ಲಿಯೂ ತೋರಿಸಲು ನನಗೆ ಮನಸ್ಸಾಗಲಿಲ್ಲ.

ಇರುಳು ಕಾಡಿನ ಮೊದಲ ಚಿತ್ರಗಳೂ ಫ್ಲ್ಯಾಶಿನಿಂದಲೇ ಬಂದವು ಎಂಬುದನ್ನು ಮರೆಯಬಾರದು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ, ಹುಲಿಯೇ ದಾರಿಯ ತಂತಿಯನ್ನು ತುಳಿದು ಬೆಳಕು ಹೊತ್ತಿಸುವಂತೆ ಮಾಡಿ ಚಿತ್ರ ತೆಗೆದರು. ಕೋವಿಯ ಬದಲು ಕ್ಯಾಮೆರಾ ಹಿಡಿಯಿರಿ ಎಂದು ಬೇಟೆಯ ಕಾಲದಲ್ಲಿಯೇ ಹೇಳಿದವರು ಅವರು. ಬೆಳಕು ಕೇಡಲ್ಲ; ಎಷ್ಟು, ಯಾರಿಗೆ, ಎಷ್ಟು ಸಲ ಎಂಬ ವಿವೇಚನೆ ಬೇಕು.

ಆದ್ದರಿಂದ ನಾವು ಕೆಲವು ಕಟ್ಟುಪಾಡುಗಳನ್ನು ಒಪ್ಪಿಕೊಳ್ಳೋಣ. ಗೂಡಿನಲ್ಲಿರುವ ಹಕ್ಕಿಗೆ, ಮರಿಗಳಿಗೆ ಫ್ಲ್ಯಾಶ್ ಬೇಡ. ಗೂಬೆ, ನತ್ತಿಂಗ, ಕಾಡುಪಾಪಗಳಿಗೂ ಬೇಡ. ಅವುಗಳ ದೊಡ್ಡ ಕಣ್ಣುಗಳು ಮಂದ ಬೆಳಕಿಗೆಂದೇ ಇರುವಂಥವು. ಕೆಂಪು ಕಾಗದ ಕಟ್ಟಿದ ಮಂದ ಟಾರ್ಚಿನಲ್ಲಿ ಕಂಡಷ್ಟೇ ಸಾಕು. ಚಿತ್ರ ಒರಟಾದರೂ ಅದು ದಾಖಲೆಯೇ. ಕಪ್ಪೆ, ಹಲ್ಲಿ, ಪತಂಗಗಳಿಗೆ ಕಡಿಮೆ ಶಕ್ತಿಯಲ್ಲಿ ಎರಡೋ ಮೂರೋ ಚಿತ್ರ. ಅಷ್ಟಕ್ಕೇ ಹಿಂದೆ ಸರಿಯಿರಿ. ಜೀವಿಯನ್ನು ಹಿಡಿದು ಬೇರೆಡೆ ಕೂರಿಸಬಾರದು. 2007ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿತವಾದ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿನಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಕಾಡುಪಾಪವನ್ನು ಮಾಟಮಂತ್ರದ ಹೆಸರಿನಲ್ಲಿ ಹಿಡಿಯುವವರು ಇದ್ದಾರೆ; ಚಿತ್ರ ಹಂಚುವಾಗ ಮರದ ಗುರುತು, ತೋಟದ ಹೆಸರು ಹೇಳಬೇಡಿ, ಚಿತ್ರದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಅಳಿಸಿರಿ. ಮರುಪೂರಣ ಮಾಡಬಹುದಾದ ಸೆಲ್‌ಗಳನ್ನೇ ಬಳಸಿ. ಸತ್ತ ಸೆಲ್ಲನ್ನು ಕೆರೆಯಂಗಳಕ್ಕೆ ಎಸೆದು ಕೆರೆಕಪ್ಪೆಯ ಚಿತ್ರ ತೆಗೆಯುವುದರಲ್ಲಿ ಅರ್ಥವಿಲ್ಲ.

ಇಂದು ಸಂಜೆ ಊರಾಚೆಯ ಬಂಡೆಯ ಬಳಿಗೆ ಹೋಗೋಣ. ಮೊದಲ ಅರ್ಧ ಗಂಟೆ ಯಾರೂ ಫ್ಲ್ಯಾಶ್ ಹೊತ್ತಿಸಬಾರದು. ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಕಿವಿ ತೆರೆದಿರಲಿ. ಆಮೇಲೆ ಒಬ್ಬೊಬ್ಬರು ಒಂದೊಂದು ಚಿತ್ರ. ಪ್ರತಿ ಚಿತ್ರಕ್ಕೂ ದಿನಾಂಕ, ವೇಳೆ, ಸ್ಥಳ, ಊರಿನ ಹಿರಿಯರು ಆ ಜೀವಿಯನ್ನು ಕರೆಯುವ ಹೆಸರು, ಇವನ್ನು ಪುಸ್ತಕದಲ್ಲಿ ಬರೆಯೋಣ. ಮುಂದೆಂದಾದರೂ ಪಂಚಾಯಿತಿಯ ಮೇಜಿನ ಮುಂದೆ ಯಾರೋ "ಬರೀ ಕಲ್ಲು" ಎಂದಾಗ, ನಾವು ದನಿ ಏರಿಸಬೇಕಾಗಿಲ್ಲ. ಆ ಪುಸ್ತಕವನ್ನು ತೆರೆದಿಟ್ಟರೆ ಆಯಿತು.