ಉಸಿರಿನ ಆರೈಕೆಗೆ ಒದಗುವ ಅಡ್ಡಿಗಳು



ಕನ್ನಡ ಕಲಿಸುವ ನಾವು ಇಂದು ಕಾವ್ಯದ ಮಾತನ್ನಾಡುವೆವೆಂದು ತಾವು ಬಗೆದಿರಬಹುದು. ಸಂಘವು ನಮಗೊಪ್ಪಿಸಿದ ವಿಷಯ ಬೇರೆ: ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಮತ್ತೆ ನಡೆದಾಡುವಂತಾಗುವ ಬಗೆ. ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಬಲ್ಲವರಿಂದ ತಿಳಿದುದನ್ನು ಅರಿಕೆ ಮಾಡುತ್ತೇವೆ.

ಶಸ್ತ್ರಕ್ರಿಯೆ, ಕಿಮೋಥೆರಪಿ, ವಿಕಿರಣ ಚಿಕಿತ್ಸೆಗಳು ಮುಗಿದರೂ ರೋಗಿಯ ಉಸಿರು ಮೊದಲಿನಂತಾಗದು. ಹತ್ತು ಹೆಜ್ಜೆಗೆ ಏದುಸಿರು. ಸ್ನಾನ ಮಾಡುವುದೂ ದಣಿವು. ಆಗ ಬೇಕಾದುದು ಪುನಶ್ಚೇತನ ಚಿಕಿತ್ಸೆ. ಮೂಗಿನಿಂದ ಉಸಿರೆಳೆದು, ದೀಪ ಆರದಂತೆ ಅದರ ಕುಡಿಯನ್ನಷ್ಟೇ ಅಲುಗಿಸುವ ಹಾಗೆ, ತುಟಿ ಕಿರಿದುಮಾಡಿ ಮೆಲ್ಲನೆ ಬಿಡುವುದು. 6 ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ಅಳೆದು, ನಡಿಗೆಯನ್ನು ದಿನದಿನಕ್ಕೆ ಹೆಚ್ಚಿಸುವುದು. ಕೈಕಾಲುಗಳಿಗೆ ಬಲ, ಮನಸ್ಸಿಗೆ ಧೈರ್ಯ ತುಂಬುವುದು. ಇದು ಸಾಮಾನ್ಯವಾಗಿ ವಾರಕ್ಕೆ 2-3 ಸಲದಂತೆ 6ರಿಂದ 12 ವಾರಗಳ ಕೆಲಸ. ಶಸ್ತ್ರಕ್ರಿಯೆಗೆ ಮುಂಚೆಯೇ ಇಂಥ ವ್ಯಾಯಾಮ ಮಾಡಿದವರಿಗೆ ಆಮೇಲಿನ ತೊಡಕುಗಳು ಕಡಿಮೆಯೆಂದು ವೈದ್ಯರು ಕಂಡಿದ್ದಾರೆ.

ಆದರೆ ನೂಲದವನು ಇದನ್ನು ಪಡೆಯುವುದೆಲ್ಲಿ? ಗಡಹಿಂಗ್ಲಜ ದಾಟಿ ಕೊಲ್ಲಾಪುರ, ಇಲ್ಲವೆ ಸಂಕೇಶ್ವರದ ಮೇಲೆ ಬೆಳಗಾವಿ. ಎಸ್.ಟಿ. ಬಸ್ಸಿನ ಮೆಟ್ಟಿಲೇರುವುದೇ ಏದುಸಿರಿನವನಿಗೊಂದು ಪರೀಕ್ಷೆ. ಅರ್ಧ ಗಂಟೆಯ ವ್ಯಾಯಾಮಕ್ಕೆ ಇಡೀ ದಿನ ಹೋಗುತ್ತದೆ. ಜೊತೆಗೆ ಬಂದ ಮಗನ ಕೂಲಿಯೂ ಹೋಗುತ್ತದೆ. ಶಸ್ತ್ರಕ್ರಿಯೆ, ಕಿಮೋಥೆರಪಿಗಳ ವೆಚ್ಚಕ್ಕೆ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ನೆರವಾಗುತ್ತದೆ, ನಿಜ. ತಪ್ಪಿದ ಕೂಲಿಯನ್ನು ಯಾವ ಕಾರ್ಡು ತುಂಬಿಕೊಟ್ಟೀತು?

ದೂರವೊಂದೇ ಅಡ್ಡಿಯಲ್ಲ. ಕೆಮ್ಮನ್ನು ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಕಳೆದುಹೋಗುವುದುಂಟು. ರೋಗ ತಿಳಿಯುವ ಹೊತ್ತಿಗೆ ದೇಹ ಸೊರಗಿರುತ್ತದೆ. ದವಾಖಾನೆಯಿಂದ ಬಿಡುವಾಗ ಔಷಧದ ಚೀಟಿ ಕೈಸೇರುತ್ತದೆ. ವ್ಯಾಯಾಮದ ಮಾತು ಎಷ್ಟೋ ಸಲ ಬರುವುದೇ ಇಲ್ಲ. ಮನೆಗೆ ಬಂದರೆ ನೆಂಟರೆಲ್ಲರ ಉಪದೇಶ ಒಂದೇ: "ಏಳಬ್ಯಾಡ್ರಿ, ಮಲಕೊಂಡಿರ್ರಿ." ಪ್ರೀತಿಯ ಮಾತೇ ಹೌದು, ಆದರೆ ಮಲಗಿದಷ್ಟೂ ಸ್ನಾಯುಗಳ ಬಲ ಕುಂದುತ್ತದೆ. ಇನ್ನು ನಾಚಿಕೆ. ನಿಪ್ಪಾಣಿಯ ತಂಬಾಕಿನ ಸೀಮೆಯ ನೆರೆಯವರು ನಾವು. ರೋಗದ ಹೆಸರು ಕೇಳಿದೊಡನೆ "ಬೀಡಿ ಸೇದಿದ್ದ, ಅನುಭವಿಸಲಿ" ಎನ್ನುವ ನಾಲಗೆಗಳಿಗೆ ಕೊರತೆಯಿಲ್ಲ. ಬೀಡಿ ಮುಟ್ಟದವರಿಗೂ, ಒಲೆಯ ಹೊಗೆಯಲ್ಲಿ ಬಾಳು ಸವೆಸಿದ ತಾಯಂದಿರಿಗೂ ಈ ರೋಗ ಬರುತ್ತದೆ. ಸೇದಿದವನಿಗಾದರೂ ಉಸಿರು ಬೇಡವೇ?

ಭಾಷೆಯ ಅಡ್ಡಿ ನಮ್ಮ ಪಾಲಿನದು. "ಶ್ವಾಸ ಆತ ಘ್ಯಾ, ಹಳೂಹಳೂ ಸೋಡಾ" ಎಂದು ಕಲಿಸುವವರ ಮನಸ್ಸು ಒಳ್ಳೆಯದೇ. ಸಂತೆಯ ಮರಾಠಿ ಬಲ್ಲ ನಮ್ಮ ಅಜ್ಜಿ ತಲೆಯಾಡಿಸಿ ಬರುತ್ತಾಳೆ. ಮನೆಯಲ್ಲಿ ಅದನ್ನು ತಿರುಗಿ ಹೇಳೆಂದರೆ ಸುಮ್ಮನಾಗುತ್ತಾಳೆ. ಇದು ಯಾರ ಮೇಲಿನ ದೂರೂ ಅಲ್ಲ.

ದವಾಖಾನೆ ಬಿಡುವ ಮುನ್ನ "ಉಸಿರಿನ ವ್ಯಾಯಾಮ ಯಾವುದು, ಎಷ್ಟು, ಯಾವಾಗ ನಿಲ್ಲಿಸಬೇಕು?" ಎಂದು ಕೇಳಿ ಬರೆಸಿಕೊಳ್ಳಿರಿ. ಕೆಮ್ಮಿನಲ್ಲಿ ರಕ್ತ, ಎದೆನೋವು, ತಲೆಸುತ್ತು ಕಂಡರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಬಳಿಗೆ ಹೋಗತಕ್ಕದ್ದು. ಅವರು ಬರೆದುಕೊಟ್ಟ ಚೀಟಿಯನ್ನು ನಮ್ಮಲ್ಲಿಗೆ ತನ್ನಿರಿ. ಸಂಜೆ ಶಾಲೆ ಬಿಟ್ಟಮೇಲೆ ದಪ್ಪಕ್ಷರದ ಕನ್ನಡದಲ್ಲಿ ಬರೆದುಕೊಡುತ್ತೇವೆ.