ಡ್ರಾಗನ್ ಬೇಡ, ಆನೆ ಬರಲಿ

ಇವತ್ತಿನ ಮಾತು ಒಂದು ಆಟದ ಬಗ್ಗೆ. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಗೊತ್ತಿರುತ್ತೆ, ಅದರಲ್ಲಿ ಹುಡುಗರು ಮೇಜಿನ ಸುತ್ತ ಕೂತು ಆಡ್ತಾರಲ್ಲ, ಅದೇ ಡಂಜನ್ಸ್ ಆ್ಯಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ಹೇಳ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗ್ತಾರೆ. ಪಾತ್ರ ಮಾಡಲು ಹೊರಟ ಕೆಲಸ ಆಗುತ್ತಾ, ಇಲ್ವಾ? ಅದನ್ನು ಹೇಳೋದು 20 ಮುಖದ ದಾಳ.

ನಾನು ಇದನ್ನು ಆಡೋದು ಕೊಡಗಿನ ಸಿದ್ದಾಪುರದ ಹತ್ತಿರ, ನಮ್ಮ ಮನೆಯಲ್ಲಿ, ಎರಡೂವರೆ ವರ್ಷದ ಮಗಳ ಜೊತೆ. ಜುಲೈಯಲ್ಲಿ ಇಲ್ಲಿ ಮಳೆ ಬಿಡಲ್ಲ, ಕರೆಂಟ್ ನಿಲ್ಲಲ್ಲ, ಫೋನಿನಲ್ಲಿ ಚಾರ್ಜೂ ಉಳಿಯಲ್ಲ.

ಇಷ್ಟು ಚಿಕ್ಕವಳಿಗೆ ನಿಯಮದ ದಪ್ಪ ಪುಸ್ತಕ ಯಾಕೆ? ಒಂದು ಪ್ರಶ್ನೆ, ಒಂದು ದಾಳ ಸಾಕು. ಪ್ರಶ್ನೆ ಇದು: ‘ಈಗ ಏನು ಮಾಡ್ತೀಯ?’ ದಾಳ ಮಾತ್ರ ದೊಡ್ಡದಿರಬೇಕು. ಚಿಕ್ಕ ದಾಳ ಆಗಲಿ, ಚೌಕಾಬಾರದ ಕವಡೆ ಆಗಲಿ, ಈ ವಯಸ್ಸಿನವರ ಕೈಗೆ ಸಿಕ್ಕರೆ ನೇರ ಬಾಯಿಗೆ. ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಹಾಗಾಗಿ ನಮ್ಮದು ರಟ್ಟಿನ ಪೆಟ್ಟಿಗೆ. 3 ಮುಖಕ್ಕೆ ಹಸಿರು, 3 ಮುಖಕ್ಕೆ ಕೆಂಪು. ಹಸಿರು ಬಿದ್ದರೆ ಅವಳು ಹೇಳಿದ್ದು ಆಗುತ್ತೆ. ಕೆಂಪು ಬಿದ್ದರೆ ‘ಸೋತೆ’ ಅನ್ನಲ್ಲ, ಬೇರೆ ಏನೋ ಆಗುತ್ತೆ. ಹತ್ತು ನಿಮಿಷಕ್ಕೆ ಆಟ ಮುಗೀತು.

ಮೊದಲ ದಿನ ‘ಡ್ರಾಗನ್ ಬಂತು’ ಅಂದೆ. ಅವಳು ಡ್ರಾಗನ್ ಎಲ್ಲಿ ನೋಡಿದ್ದಾಳೆ? ‘ಆನೆನಾ ಅಪ್ಪ?’ ಅಂತ ಕೇಳಿದಳು. ಸರಿ, ಆನೆ. ಈಗ ಏನು ಮಾಡ್ತೀಯ? ‘ಹಲಸಿನ ಹಣ್ಣು ಕೊಡ್ತೀನಿ.’ ಹಸಿರು ಬಿತ್ತು. ಆನೆ ಹಣ್ಣು ತಿಂದು, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕಾವೇರಿ ದಾಟಿಸಿತು.

ಚೆಂದದ ಕಥೆ. ಆದರೆ ನಮ್ಮ ಕಡೆ ಹಲಸು ಹಣ್ಣಾದರೆ ತೋಟಕ್ಕೆ ನಿಜವಾಗಿಯೂ ಆನೆ ಬರುತ್ತೆ. ಹಣ್ಣಾಗೋ ಮೊದಲೇ ಕಾಯಿ ಕಡಿದು ಹಾಕೋರಿದ್ದಾರೆ. ಬೆಳಗ್ಗೆ ಕೆಲಸಕ್ಕೆ ಹೊರಟವರು ಆನೆ ತುಳಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಇವಳು ನಾಳೆ ಅಂಗಳದಲ್ಲಿ ಹಣ್ಣು ಹಿಡಿದು ನಿಂತರೆ?

ಅದಕ್ಕೇ ನಮ್ಮಲ್ಲಿ ಒಂದು ಟೋಪಿ ಇದೆ. ಟೋಪಿ ಹಾಕಿದರೆ ಆಟದ ಆನೆ. ಏನು ಬೇಕಾದರೂ ಕೊಡು, ಮಾತಾಡು. ಟೋಪಿ ತೆಗೆದಮೇಲೆ ಅದೇ ಪ್ರಶ್ನೆ ಮತ್ತೆ ಕೇಳ್ತೀನಿ: ‘ತೋಟಕ್ಕೆ ಆನೆ ಬಂತು. ಈಗ ಏನು ಮಾಡ್ತೀಯ?’ ‘ಒಳಗೆ ಬರ್ತೀನಿ.’ ಇದಕ್ಕೆ ದಾಳ ಹಾಕಲ್ಲ.

ಇಷ್ಟರಿಂದ ಮಗು ಸುರಕ್ಷಿತ ಅಂತ ನಾನು ನಂಬಿ ಕೂತಿಲ್ಲ. ಗೇಟ್ ಹಾಕಿಯೇ ಇರುತ್ತೆ, ಹೊರಗೆ ಹೋದರೆ ಕೈ ಹಿಡಿದೇ ಹೋಗೋದು. ಆದರೆ ಕಥೆ ಯಾವುದು, ತೋಟ ಯಾವುದು ಅಂತ ಬೇರೆ ಮಾಡೋದು ಒಂದೇ ದಿನಕ್ಕೆ ಬರಲ್ಲ. ದಿನಾ ಟೋಪಿ ಹಾಕಿ, ದಿನಾ ತೆಗೆದು, ನಿಧಾನವಾಗಿ ಕಲೀತಿದ್ದಾಳೆ.

ನಿಮ್ಮ ಮನೆಯಲ್ಲೂ ಅಕ್ಕನ ಮಗುನೋ, ಅಣ್ಣನ ಮಗುನೋ ಇದ್ದರೆ ಒಂದು ರಟ್ಟಿನ ಪೆಟ್ಟಿಗೆ, ಎರಡು ಬಣ್ಣ ತಗೊಳ್ಳಿ. ಪ್ರಶ್ನೆ ಕೇಳಿ, ಉತ್ತರ ಬರೋವರೆಗೂ ಕಾಯಿರಿ. ಸ್ವಲ್ಪ ಹೊತ್ತು ಹಿಡಿಯುತ್ತೆ.