ಬಿಸಿಲಿನ ರಾಶಿಯೂ ಅದರ ಪಾಲುಗಾರರೂ



ವಿದ್ಯುಚ್ಛಕ್ತಿಯ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದುದಲ್ಲ. 1902ನೆಯ ಇಸವಿಯಲ್ಲಿಯೇ ಶಿವನಸಮುದ್ರದ ಕಾವೇರಿ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಂದು ಧುಮುಕುವ ನೀರು ಶಕ್ತಿಯಾಯಿತು. ನೀರಿಲ್ಲದ ಸೀಮೆಯಲ್ಲಿ ಬಿಸಿಲೇ ಶಕ್ತಿಯಾಗಬಲ್ಲದೆಂಬುದಕ್ಕೆ ತುಮಕೂರು ಜಿಲ್ಲೆಯ ಪಾವಗಡವು ಸಾಕ್ಷಿಯಾಗಿರುವುದು.

ಪಾವಗಡವು ಬಹುಕಾಲದಿಂದ ಬರಗಾಲಕ್ಕೆ ಪಕ್ಕಾದ ತಾಲ್ಲೂಕು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿದ ರೈತನು ಬೀಜದ ಖರ್ಚನ್ನೂ ಕಾಣದೆ ಗುಳೆ ಹೋದ ವರ್ಷಗಳು ಅನೇಕ. ಇಂತಹ ನೆಲದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳ ಮೇಲೆ ಸೌರ ಫಲಕಗಳು ಹರಡಿಕೊಂಡಿರುವುವು. ಸಿಲಿಕಾನಿನಿಂದಾದ ಈ ಫಲಕದ ಮೇಲೆ ಬೆಳಕು ಬಿದ್ದೊಡನೆ ಅದರೊಳಗಣ ಎಲೆಕ್ಟ್ರಾನುಗಳು ಚಲಿಸಿ ವಿದ್ಯುತ್ತು ಹರಿಯತೊಡಗುವುದು. ಇದರಲ್ಲಿ ಸುಡುವುದಕ್ಕೆ ಕಲ್ಲಿದ್ದಲು ಬೇಡ. ಹೊಗೆಯೂ ಇಲ್ಲ, ಬೂದಿಯೂ ಇಲ್ಲ.

ಆದರೆ ಯಂತ್ರವೊಂದರಿಂದಲೇ ಈ ಕಾರ್ಯವು ಕೈಗೂಡಲಿಲ್ಲ. ರಾಜನೀತಿಯ ಬೆಂಬಲವೂ ಬೇಕಾಯಿತು. ರಾಜ್ಯ ಸರಕಾರವು 2014ರಲ್ಲಿ ಸೌರಶಕ್ತಿ ನೀತಿಯನ್ನು ಘೋಷಿಸಿತು. 2015ರಲ್ಲಿ ಕೇಂದ್ರ ಹಾಗೂ ರಾಜ್ಯಗಳ ಸಂಸ್ಥೆಗಳು ಕೂಡಿ ಇದಕ್ಕಾಗಿಯೇ ಒಂದು ನಿಗಮವನ್ನು ಸ್ಥಾಪಿಸಿದುವು. ಈ ನಿಗಮವು ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದುದೇ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದೂ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆಯೆಂದೂ ಗೊತ್ತುಪಡಿಸಲಾಯಿತು. ರಸ್ತೆ, ವಿದ್ಯುತ್ ಮಾರ್ಗಗಳನ್ನು ಮೊದಲೇ ಸಿದ್ಧಪಡಿಸಿ ಉತ್ಪಾದಕರಿಗೆ ಸ್ಥಳವನ್ನು ಹಂಚಿಕೊಟ್ಟುದರಿಂದ 2018ರಲ್ಲಿ ಆರಂಭಗೊಂಡ ಸ್ಥಾವರವು 2019ರ ಕೊನೆಗೆ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಪಡೆಯಿತು. ಹೀಗೆ ಪಿತ್ರಾರ್ಜಿತ ನೆಲವು ರೈತನ ಹೆಸರಿನಲ್ಲಿಯೇ ಉಳಿದು, ಮಳೆ ಬಂದರೂ ಬಾರದಿದ್ದರೂ ಅವನಿಗೆ ಆದಾಯವು ದೊರೆಯುವಂತಾಯಿತು.

ಇಷ್ಟಾದರೂ ವಿಚಾರವು ಇಲ್ಲಿಗೆ ಮುಗಿಯಲಾರದು. ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರುಳ್ಳವನಿಗೆ ಸಲ್ಲುವುದು. ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಭೂಹೀನ ಕೂಲಿಗಾರಳ ಹೆಸರು ಯಾವ ಪಹಣಿಯಲ್ಲಿದೆ? ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನ ಹಕ್ಕು ಯಾವ ಪತ್ರದಲ್ಲಿದೆ? ಫಲಕ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು—ಇಂತಹ ಕೆಲಸಗಳು ಉಂಟಾದರೂ ಅವು ಎಲ್ಲರ ಕೈಗೂ ಸಾಲುವಂತಹವಲ್ಲ.

ಹಿಂದಿನ ಕಾಲದ ಹಳ್ಳಿಗಳಲ್ಲಿ ಕಣದ ರಾಶಿಯನ್ನು ಮನೆಗೆ ಸಾಗಿಸುವ ಮೊದಲೇ ಆಯಗಾರರ ಪಾಲನ್ನು ಅಳೆದುಕೊಡುವ ಪದ್ಧತಿಯಿತ್ತು. ಆ ಪದ್ಧತಿಯಲ್ಲಿ ಕುಂದುಗಳಿದ್ದುವು. ಆದರೂ ಬೆಳೆಯೆಂಬುದು ನೆಲದೊಡೆಯನೊಬ್ಬನ ಸ್ವತ್ತಲ್ಲವೆಂಬ ತಿಳಿವು ಅದರಲ್ಲಿತ್ತು. ಬಿಸಿಲೂ ಈಗ ಒಂದು ಬೆಳೆಯೇ ಆಗಿರುವುದು. ಮುಂದೆ ಸೌರಕ್ಷೇತ್ರಗಳನ್ನು ನಿರ್ಮಿಸುವವರು ಭೂಹೀನರಿಗೆ ಆದಾಯದಲ್ಲಿ ಒಂದು ಪಾಲನ್ನೂ, ಅವರ ಮಕ್ಕಳಿಗೆ ಯಂತ್ರವಿದ್ಯೆಯ ಶಿಕ್ಷಣವನ್ನೂ, ಫಲಕಗಳ ನಡುವೆ ಕುರಿಗಳಿಗೆ ಮೇವನ್ನೂ ಕರಾರಿನಲ್ಲಿಯೇ ಬರೆದಿಡುವುದು ನ್ಯಾಯ. ಸೂರ್ಯನು ಪಹಣಿಯನ್ನು ನೋಡಿ ಬೆಳಗುವವನಲ್ಲ; ಅವನ ಬೆಳಕಿನಿಂದ ಬಂದ ಫಲವನ್ನು ಹಂಚುವವರೂ ಅದನ್ನು ಮರೆಯಬಾರದು.